ನೀರು ಜಲಮಂಡಳಿಯದು, ಬೆಂಕಿ ನಮ್ಮದು

ಬೆಂಗಳೂರಿನಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿ ಸೇರಿ, ಮೇಲಿನ ಹುದ್ದೆಗಳನ್ನೂ ನೋಡಿ ನಿವೃತ್ತನಾದವನು ನಾನು. ಬನ್ನೇರುಘಟ್ಟ ರಸ್ತೆಯ ಅಕಾಡೆಮಿಯಲ್ಲಿ ತರಬೇತಿಗೆ ಬಂದ ಹುಡುಗರ ಜೊತೆ ಮಾತಾಡಲು ಕರೆದರೆ ಪಂಪು, ಹೋಸ್‌ಗಳ ಸುದ್ದಿಗೆ ಹೋಗುವುದಿಲ್ಲ. ಅದನ್ನು ಕಲಿಸಲು ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾಳೆ ಊರಿನ ಹೊಣೆ ಹೊರಬೇಕಾದವರಿಗೆ ಹೇಳುವುದು ಇಷ್ಟು.

1. ನಿಮ್ಮ ಕೈಯಲ್ಲಿ ಏನೇನಿಲ್ಲ ಎಂದು ಮೊದಲು ಪಟ್ಟಿ ಮಾಡಿ

ಮುಂಬಯಿಯ ಅಗ್ನಿಶಾಮಕ ದಳ ಮಹಾನಗರಪಾಲಿಕೆಗೆ ಸೇರಿದ್ದು. ಕುಡಿಯುವ ನೀರು, ಬಹುತೇಕ ರಸ್ತೆಗಳು ಕೂಡ ಅದೇ ಪಾಲಿಕೆಯವು. ನಮ್ಮದು ಗೃಹ ಇಲಾಖೆಯ ಅಡಿ ಬರುವ ರಾಜ್ಯಮಟ್ಟದ ಇಲಾಖೆ. ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ನಕ್ಷೆ ಮಂಜೂರಾತಿ ನಗರಾಡಳಿತದ್ದು, ದಾರಿ ಬಿಡಿಸುವವರು ಸಂಚಾರ ಪೊಲೀಸರು. ಬೆಂಕಿ ಬಿದ್ದ ದಿನ ಮಾತ್ರ ಎಲ್ಲರೂ ತಿರುಗಿ ನೋಡುವುದು ನಮ್ಮ ಕಡೆಗೆ. ಬೆಸ್ಕಾಂ ಉಪವಿಭಾಗದ ಎಂಜಿನಿಯರ್ ಯಾರು, ರಾತ್ರಿ ಪಾಳಿಯ ಲೈನ್‌ಮನ್ ಯಾರು ಎಂಬುದು ಅಧಿಕಾರಿಗೆ ಗೊತ್ತಿರಬೇಕು. ಕರೆಂಟು ತೆಗೆದಿದ್ದಾರೆ ಎಂಬ ಖಾತ್ರಿ ಇಲ್ಲದೆ ಸುಡುತ್ತಿರುವ ಪ್ಯಾನೆಲ್ ಬೋರ್ಡಿಗೆ ನೀರು ಹೊಡೆಯಲು ಹುಡುಗರನ್ನು ಕಳಿಸುವಂತಿಲ್ಲ. ಬೆಂಕಿಯ ಮುಂದೆ ನಿಂತು ಪರಿಚಯ ಮಾಡಿಕೊಳ್ಳುತ್ತೇನೆಂದರೆ ಆಗದು. ಶಾಂತವಾಗಿದ್ದ ದಿನ ಅವರ ಕಚೇರಿಗೆ ಹೋಗಿ ಕಾಫಿ ಕುಡಿದು ಬಂದಿರಬೇಕು.

2. ಗಡಿಯಾರ ನೋಡಿ ನೀರು ಲೆಕ್ಕ ಹಾಕಿ

ಒಂದು ವಾಹನದಲ್ಲಿ 4,500 ಲೀಟರ್ ನೀರಿದೆ ಎನ್ನಿ. 20 ಮಿಲಿಮೀಟರ್ ನಾಜಲ್‌ನ ಒಂದು ಬ್ರಾಂಚ್, ಅಂದರೆ ಹೋಸ್ ತುದಿಯ ಪೈಪ್, ನಾಲ್ಕು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 500 ಲೀಟರ್ ಕುಡಿಯುತ್ತದೆ. ಒಂಬತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಬ್ರಾಂಚ್ ಬಿಟ್ಟರೆ ಐದು ನಿಮಿಷವೂ ಇಲ್ಲ. ಹಾಗಾಗಿ ಮೊದಲ ವಾಹನ ನೀರು ಬಿಡಲು ಶುರುಮಾಡುವಾಗಲೇ ಮುಂದಿನ ಟ್ಯಾಂಕರ್ ದಾರಿಯಲ್ಲಿರಬೇಕು. ಚಿಕ್ಕಪೇಟೆ, ಮಾಮೂಲ್‌ಪೇಟೆ, ನಗರ್ತಪೇಟೆಗಳಲ್ಲಂತೂ ದೊಡ್ಡ ವಾಹನ ಗಲ್ಲಿಯ ಬಾಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಒಳಕ್ಕೆ ಹೋಸ್ ಎಳೆಯಬೇಕು. ಆ ಪೇಟೆಗಳಲ್ಲಿ ಯಾವ ಅಪಾರ್ಟ್‌ಮೆಂಟಿನ, ಯಾವ ಛತ್ರದ ಸಂಪಿನಲ್ಲಿ ನೀರಿರುತ್ತದೆ ಎಂಬುದು ಹಳೆಯ ಲೀಡಿಂಗ್ ಫೈರ್‌ಮನ್‌ಗಳಿಗೆ ಬಾಯಿಪಾಠ. ಅವರು ನಿವೃತ್ತರಾಗುವ ಮುಂಚೆ ಅದನ್ನೆಲ್ಲ ಕೂತು ಬರೆಸಿಕೊಳ್ಳಿ.

3. ಅಧಿಕಾರಿಯಾದ ಮೇಲೆ ಬ್ರಾಂಚ್ ಹಿಡಿಯಬೇಡಿ

ಹಿಡಿಯಬೇಕೆಂದು ಕೈ ತುರಿಸುತ್ತದೆ, ಗೊತ್ತು. ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಆದರೆ ಪೈಪ್ ಹಿಡಿದವನಿಗೆ ಕಾಣುವುದು ಎದುರಿನ ಒಂದು ಕಿಟಕಿ ಮಾತ್ರ. ಇಳಿದ ತಕ್ಷಣ ಕಟ್ಟಡವನ್ನು ಒಂದು ಸುತ್ತು ಹಾಕಿ ನಾಲ್ಕು ಮಗ್ಗುಲನ್ನೂ ನೋಡಿ. ಬೀದಿಯ ಕಡೆ ತಣ್ಣಗಿದ್ದು ಹಿಂಬದಿಯ ಡಕ್ಟ್‌ನಲ್ಲಿ ಉರಿಯುತ್ತಿರಬಹುದು. ಆಮೇಲೆ ಎಲ್ಲರಿಗೂ ಕಾಣುವ ಒಂದು ಕಡೆ ನಿಲ್ಲಿ, ಅಲ್ಲಿಂದ ಕದಲಬೇಡಿ.

ನಿಂತಲ್ಲಿ ಮಾಡಬೇಕಾದ ಮೊದಲ ಕೆಲಸ ತಲೆ ಎಣಿಸುವುದು. ಬಿ.ಎ. ಸೆಟ್ (ಉಸಿರಾಟದ ಸಾಧನ) ಹಾಕಿಕೊಂಡು ಒಳಗೆ ಹೋದವರ ಹೆಸರು, ಹೋದ ಹೊತ್ತು, ಸಿಲಿಂಡರಿನ ಒತ್ತಡ ಇವಿಷ್ಟೂ ಬಾಗಿಲಲ್ಲಿ ನಿಂತವನ ಹಲಗೆಯ ಮೇಲೆ ಇರಬೇಕು. ಆರು ಲೀಟರ್ ಸಿಲಿಂಡರಿಗೆ 300 ಬಾರ್ ಗಾಳಿ ತುಂಬಿದರೆ ಲೆಕ್ಕದಲ್ಲಿ 45 ನಿಮಿಷ ಬರುತ್ತದೆ. ಹೋಸ್ ಹೊತ್ತು ಮೆಟ್ಟಿಲು ಹತ್ತುವವನು ಏದುಸಿರು ಬಿಡುತ್ತಾನೆ, ಅವನಿಗೆ ಅರ್ಧ ಗಂಟೆ ಬಂದರೆ ಪುಣ್ಯ. ಗಾಳಿ ಇಳಿದಾಗ ಸೆಟ್ಟು ಶಿಳ್ಳೆ ಹೊಡೆಯುತ್ತದೆ. ಅದಕ್ಕಾಗಿ ಕಾಯದೆ ಅವರನ್ನು ಹೊರಗೆ ಕರೆಸಿ. ಬರುವ ದಾರಿಗೂ ಗಾಳಿ ಬೇಕಲ್ಲ.

4. ‘ಒಳಗೇನಿದೆ?’

ಪ್ರತಿ ಏಪ್ರಿಲ್ 14ರಂದು ನಾವು ಎದೆಗೆ ಧ್ವಜದ ಚೀಟಿ ಚುಚ್ಚಿಕೊಳ್ಳುವುದು 1944ರ ಮುಂಬಯಿ ಬಂದರಿನ ನೆನಪಿಗೆ. ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಮೂಟೆಗಳೂ ಸಿಡಿಮದ್ದೂ ಒಟ್ಟಿಗೇ ಇದ್ದವು. ಹತ್ತಿಗೆ ಹತ್ತಿದ ಬೆಂಕಿಯನ್ನು ಆರಿಸುತ್ತಿದ್ದಾಗಲೇ ಹಡಗು ಸಿಡಿಯಿತು. ಅಗ್ನಿಶಾಮಕ ಸಿಬ್ಬಂದಿಯೇ 66 ಮಂದಿ ಹೋದರು. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಸುಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಗೋದಾಮಿನ ಮಾಲೀಕ ‘ಬರೀ ಪ್ಲಾಸ್ಟಿಕ್ ಸಾರ್’ ಎನ್ನುತ್ತಾನೆ. ವಾಚ್‌ಮನ್ನನ್ನೂ ಲೋಡಿಂಗ್ ಹುಡುಗರನ್ನೂ ಬೇರೆಯಾಗಿ ಕರೆದು ಕೇಳಿ. ಡ್ರಮ್ಮು ಹೊತ್ತವರಿಗೆ ಅದರಲ್ಲಿ ಏನಿತ್ತು ಎಂದು ಗೊತ್ತಿರುತ್ತದೆ.

5. ಮೆಟ್ಟಿಲು ನೋಡಿದರೆ ಅರ್ಧ ತಪಾಸಣೆ ಮುಗಿದಂತೆ

ಜನ ಉರಿಗೆ ಹೆದರುತ್ತಾರೆ. ನಾನು ಹೆದರಿದ್ದು ಹೊಗೆಗೆ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿಗೆ, ಜನ ಉಸಿರುಕಟ್ಟಿದ್ದು ಮೇಲಿನ ಬಾಲ್ಕನಿಯಲ್ಲಿ. ಹೊರಗೆ ಹೋಗುವ ದಾರಿಗೆ ಹೆಚ್ಚುವರಿ ಕುರ್ಚಿ ಹಾಕಿದ್ದರು. ಸತ್ತವರು 59. ನಮ್ಮ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ವಿದ್ಯುತ್ ಡಕ್ಟ್ ಹಿಡಿದು ಹೊಗೆ ಮೇಲಕ್ಕೇರಿತು. ಉಸಿರಾಡಲಾಗದೆ ಜನ ಗಾಜು ಒಡೆದು ಕೆಳಕ್ಕೆ ಹಾರಿದರು. ಒಂಬತ್ತು ಜೀವ ಹೋಯಿತು. 1981ರಲ್ಲಿ ಇದೇ ಊರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದಾಗ ಸತ್ತವರು 92, ಹೆಚ್ಚಿನವರು ಮಕ್ಕಳು. ಅಲ್ಲಿ ನೂಕುನುಗ್ಗಲೂ ಆಗಿತ್ತು.

ಆದ್ದರಿಂದ ಎನ್‌ಒಸಿ ಕಡತ ಮೇಜಿಗೆ ಬಂದಾಗ ನಕ್ಷೆ ನೋಡಿ ಸಹಿ ಮಾಡಬೇಡಿ. ಹೋಗಿ ನೋಡಿ. ಲಿಫ್ಟ್ ಹತ್ತದೆ ಮೆಟ್ಟಿಲಲ್ಲಿ ನಡೆದೇ ಮೇಲಕ್ಕೆ ಹೋಗಿ, ಕಟ್ಟಡ ತಾನಾಗಿ ಬಾಯಿಬಿಡುತ್ತದೆ. ಎರಡನೇ ಮಹಡಿಯಲ್ಲಿ ಚಪ್ಪಲಿ ಸ್ಟ್ಯಾಂಡು, ಮೂರರಲ್ಲಿ ಹೋಟೆಲಿನವರ ಈರುಳ್ಳಿ ಮೂಟೆ, ನಾಲ್ಕರಲ್ಲಿ ಹಳೆಯ ಸೋಫಾ. ತಾನಾಗಿ ಮುಚ್ಚಿಕೊಳ್ಳಬೇಕಾದ ಫೈರ್ ಡೋರ್‌ಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿರುತ್ತಾರೆ, ಗಾಳಿ ಬರಲೆಂದು. ಟೆರೇಸಿನ ಬಾಗಿಲಿಗೆ ಬೀಗ. ಕೀಲಿ ಸೆಕ್ರೆಟರಿ ಬಳಿ, ಸೆಕ್ರೆಟರಿ ಮೈಸೂರಿನಲ್ಲಿ. ಹೋಸ್ ಪೆಟ್ಟಿಗೆಯನ್ನು ತೆರೆಸಿ ನೋಡಿ. ಬ್ರಾಂಚ್ ಹಿತ್ತಾಳೆಯದಾಗಿದ್ದರೆ ಗುಜರಿಗೆ ಹೋಗಿಯೇ ಇರುತ್ತದೆ. ಡೀಸೆಲ್ ಪಂಪನ್ನು ನಿಮ್ಮೆದುರೇ ಚಾಲೂ ಮಾಡಿಸಿ. ಎಷ್ಟೋ ಕಡೆ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ, ಪಂಪಿಗೆ ಮಾತ್ರ ಹೊಸ ಕೆಂಪು ಬಣ್ಣ.

ಇಂಥ ಕಡತಕ್ಕೆ ಸಹಿ ಬೇಕೆಂದು ಎಲ್ಲಿಂದಲೋ ಫೋನ್ ಬಂದೇ ಬರುತ್ತದೆ. ಲೋಪಗಳನ್ನು ಒಂದೊಂದಾಗಿ ಬರೆದು, ಫೋಟೊ ಸಮೇತ ಕಡತಕ್ಕೆ ಸೇರಿಸಿ, ಮಾಲೀಕರಿಗೆ ನೋಟಿಸ್ ಕೊಡಿ. ಫೋನ್ ಮಾಡಿದವರು ಬರವಣಿಗೆಯಲ್ಲಿ ಏನನ್ನೂ ಕೊಡುವುದಿಲ್ಲ.

6. ಏಣಿಯನ್ನು ನಂಬಿ ಕೂರಬೇಡಿ

ಇಲಾಖೆಯ ಬಳಿ ಈಗ 90 ಮೀಟರ್ ಏಣಿ ಇದೆ. ಒಳ್ಳೆಯದೇ. ಆದರೆ ಅಷ್ಟು ಭಾರದ ವಾಹನ ನಿಲ್ಲಲು ಗಟ್ಟಿ ನೆಲ ಬೇಕು, ಕಾಲು ಚಾಚಲು ಜಾಗ ಬೇಕು, ಮೇಲೆ ತಂತಿ, ಕೊಂಬೆ ಇರಬಾರದು. ಊರಲ್ಲಿ 100 ಮೀಟರ್ ದಾಟಿದ ಕಟ್ಟಡಗಳೂ ಎದ್ದಿವೆ. ಅಲ್ಲಿ ಬೆಂಕಿಯನ್ನು ಕಟ್ಟಡದ ರೈಸರ್ (ಮಹಡಿಗಳಿಗೆ ನೀರೇರಿಸುವ ಕೊಳವೆ), ಸ್ಪ್ರಿಂಕ್ಲರ್‌ಗಳೇ ಎದುರಿಸಬೇಕು.

7. ಕಾರಣ ಕೇಳಿದರೆ ಬಾಯಿಬಿಡಬೇಡಿ

ಹೊಗೆ ಇನ್ನೂ ಆಡುತ್ತಿರುವಾಗಲೇ ಮೈಕ್ ಮುಂದೆ ಬರುತ್ತದೆ. ‘ಶಾರ್ಟ್ ಸರ್ಕ್ಯೂಟಾ ಸಾರ್?’ ಹೂಂ ಎಂದರೆ ಎಲ್ಲರಿಗೂ ಸುಲಭ, ಯಾರ ಮೇಲೂ ತಪ್ಪಿಲ್ಲ. ಎಷ್ಟು ವಾಹನ ಬಂದವು, ಎಷ್ಟು ಜನರನ್ನು ಹೊರತಂದೆವು ಎಂಬುದನ್ನಷ್ಟೇ ಹೇಳಿ. ಕಾರಣ ಹೇಳುವುದು ವಿದ್ಯುತ್ ಪರಿವೀಕ್ಷಕರು ಮತ್ತು ವಿಧಿವಿಜ್ಞಾನ ಪ್ರಯೋಗಾಲಯದವರ ಕೆಲಸ. ಅವತ್ತು ನೀವು ಅಂದಾಜಿಗೆ ಆಡಿದ ಒಂದು ಮಾತನ್ನು ವರ್ಷಗಳ ನಂತರ ಆರೋಪಿಯ ವಕೀಲರು ನ್ಯಾಯಾಲಯದಲ್ಲಿ ನಿಮಗೇ ಓದಿ ಹೇಳುತ್ತಾರೆ.