ಬಿಯರಿನ ಮೇಲೆ ವಿಸ್ಕಿ: ಒಂದು ಲೆಕ್ಕ

ಹಾರೂಗೇರಿಯ ರೈತ ಬಾಂಧವರೇ, ಕಬ್ಬಿನ ಬಿಲ್ಲು ಕೈಸೇರಿದ ಸಂಜೆ "ಬಿಯರೆಂದರೆ ಬರೀ ಬಾರ್ಲಿ ನೀರು, ಮೇಲೊಂದು ದೊಡ್ಡ ಪೆಗ್ ವಿಸ್ಕಿ ಏನು ಮಾಡೀತು?" ಎನ್ನುವವರುಂಟು. ಲೆಕ್ಕ ಹಾಕಿ ನೋಡಿರಿ. ಶೇಕಡಾ 5ರ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 32 ಮಿ.ಲೀ. ಶುದ್ಧ ಮದ್ಯಸಾರವಿದೆ, ಶೇಕಡಾ 42.8ರ ವಿಸ್ಕಿಯ 60 ಮಿ.ಲೀ.ನಲ್ಲಿ ಸುಮಾರು 26. ಹಗುರವೆಂದದ್ದೇ ಹೆಚ್ಚು ತೂಗಿತು! (ಅಗ್ಗದ ವಿಸ್ಕಿಯ ಮದ್ಯಸಾರವೂ ಬಹುಪಾಲು ಕಬ್ಬಿನ ಕಾಕಂಬಿಯದೇ.) ಎರಡೂ ಕೂಡಿ 58. ಯಕೃತ್ತು ತಾಸಿಗೆ ಸುಮಾರು 10 ಮಿ.ಲೀ. ಮಾತ್ರ ಕರಗಿಸಬಲ್ಲದು, ಯಾವುದನ್ನು ಮೊದಲು ಕುಡಿದರೂ ಮೊತ್ತ ಅಷ್ಟೇ. ರಾತ್ರಿ 10ಕ್ಕೆ ಕುಳಿತವನ ರಕ್ತದಲ್ಲಿ ನಸುಕಿನ 4ರ ಹೊತ್ತಿಗೂ ಅಮಲು ಉಳಿದಿರಬಹುದು. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರು ಕಾರಖಾನೆಗೆ ಹೊರಡುವುದು. ಕುಳಿತುಕೊಳ್ಳುವ ಮೊದಲೇ ಚಾವಿಯನ್ನು ಮನೆಯವರ ಕೈಗೆ ಕೊಡಿರಿ.