ಅಕ್ಕೈ ಪದ್ಮಶಾಲಿ ಅವರಿಂದ ನಾವು ಕಲಿಯುವ ಪಾಠ



ಸಿದ್ದಾಪುರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ಮೆಲ್ಲಗೆ ಕೇಳಿದರು: "ಸಿಸ್ಟರ್, ಮಗ ಹೆಣ್ಣಿನ ಥರ ಇರ್ತಾನೆ ಅಂತ ಮನೆಯಿಂದ ಓಡಿಸಿದ್ರೆ ಅವನು ಎಲ್ಲಿಗೆ ಹೋಗ್ಬೇಕು?" ಯಾರೂ ಮಾತಾಡಲಿಲ್ಲ. ಈ ತಿಂಗಳ ಪಾಠಕ್ಕೆ ಆ ಪ್ರಶ್ನೆಯನ್ನೇ ತೆಗೆದುಕೊಂಡಿದ್ದೇವೆ.

ಬೆಂಗಳೂರಿನ ಅಕ್ಕೈ ಪದ್ಮಶಾಲಿ ಹುಟ್ಟುವಾಗ ಗಂಡು ಮಗು. ಮನಸ್ಸು ಮಾತ್ರ ಹೆಣ್ಣಿನದು. ಇದಕ್ಕಾಗಿ ಚಿಕ್ಕಂದಿನಲ್ಲೇ ಹೊಡೆತ, ಹೀಯಾಳಿಕೆ ಅನುಭವಿಸಿದರು. ಕೆಲವು ವರ್ಷ ಲೈಂಗಿಕ ವೃತ್ತಿಯಲ್ಲಿದ್ದುದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಂದೆ 'ಸಂಗಮ' ಸಂಸ್ಥೆಯ ಕಾರ್ಯಕರ್ತೆಯಾದರು. ಈ ಸಂಸ್ಥೆ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುತ್ತಾ ಎಚ್‌ಐವಿ ತಡೆಯುವ ಕೆಲಸವನ್ನೂ ಮಾಡಿದೆ. 2014ರಲ್ಲಿ ಅಕ್ಕೈ 'ಒಂದೆಡೆ' ಸಂಸ್ಥೆ ಕಟ್ಟಿದರು. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು.

ಹಕ್ಕಿಗೂ ಕಾಯಿಲೆಗೂ ಏನು ಸಂಬಂಧ ಅಂತೀರಾ? 2017ರ ಸರ್ಕಾರಿ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಎಚ್‌ಐವಿ ಇತ್ತು. ತೃತೀಯ ಲಿಂಗಿಗಳಲ್ಲಿ ಸಾವಿರಕ್ಕೆ ಸುಮಾರು 31 ಮಂದಿಗೆ ಇತ್ತು. ಇದು ಅವರ ಹುಟ್ಟಿನ ದೋಷವಲ್ಲ. ಮನೆ ಬಿಟ್ಟವರಿಗೆ ಓದಿಲ್ಲ, ಕೂಲಿ ಇಲ್ಲ. ಹೊಟ್ಟೆಪಾಡಿಗೆ ಮೈ ಮಾರುವವರು ನಿರೋಧ್ ಬಳಸಿ ಎಂದು ಒತ್ತಾಯ ಮಾಡಲಾರರು. ಆಸ್ಪತ್ರೆಗೆ ಹೋದರೆ ನಗುತ್ತಾರೆಂಬ ಭಯ. ಹೀಗಾಗಿ ಪರೀಕ್ಷೆ ತಡ, ಚಿಕಿತ್ಸೆಯೂ ತಡ. ಅದಕ್ಕೇ ಈ ಕೆಲಸಕ್ಕೆ ಅವರ ಸಮುದಾಯದವರೇ ಬೇಕು. ತಮ್ಮವರು ಬಂದು ಹೇಳಿದರೆ ನಂಬಿಕೆ ಹುಟ್ಟುತ್ತದೆ.

ನೆನಪಿಡೋಣ:

1. ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರಿಗೆ ಬಳಸಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

2. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಆಪ್ತಸಮಾಲೋಚಕರು ವಿಷಯ ಗುಟ್ಟಾಗಿಡುತ್ತಾರೆ. ಎಆರ್‌ಟಿ ಮಾತ್ರೆಯೂ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಗರ್ಭಿಣಿ ಬೇಗ ಚಿಕಿತ್ಸೆ ಪಡೆದರೆ ಮಗುವನ್ನೂ ಕಾಪಾಡಬಹುದು.

3. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿತರನ್ನು ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ.

4. ಮಾಹಿತಿಗೆ 1097ಕ್ಕೆ ಉಚಿತ ಕರೆ ಮಾಡಿ.

ನಮ್ಮ ಸೀಮೆಯಲ್ಲಿ ಜೋಗಪ್ಪಂದಿರು ಬಾಗಿಲಿಗೆ ಬಂದರೆ ಮರದ ತುಂಬಾ ಜೋಳ ಹಾಕಿ ಕೈ ಮುಗಿಯುತ್ತೇವೆ. ಅದೇ ಸ್ವಭಾವ ನಮ್ಮ ಮಗುವಿನಲ್ಲಿ ಕಂಡರೆ ಬಾಸುಂಡೆ ಬರುವಂತೆ ಹೊಡೆಯುತ್ತೇವೆ. ಇದು ನ್ಯಾಯವೇ? ಆ ತಾಯಿಗೆ ನಾವು ಕೊಟ್ಟ ಉತ್ತರ ಇಷ್ಟೇ: "ಅಮ್ಮಾ, ಮಗುವನ್ನ ಓಡಿಸಬೇಡಿ. ಊಟ ಹಾಕಿ, ಶಾಲೆ ಬಿಡಿಸಬೇಡಿ. ಊರಿನವರ ಬಾಯಿಗೆ ನಾವು ಸಂಘದವರು ಉತ್ತರ ಕೊಡೋಣ."

ಸಭೆಯಲ್ಲಿ ಚರ್ಚಿಸಿ:

- ಇಂಥ ಮಗುವನ್ನು ಹೀಯಾಳಿಸುವುದು ಕಂಡಾಗ ನಾವು ಏನು ಮಾಡಿದ್ದೇವೆ?
- ಪರೀಕ್ಷೆಗೆ ಹೋಗಲು ಹೆದರುವವರ ಜೊತೆ ನಮ್ಮಲ್ಲಿ ಯಾರು ಹೋಗಬಲ್ಲರು?

ಒಂದು ತೀರ್ಮಾನ ಮಾಡಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸೋಂಕಿತರ ಹೆಸರನ್ನು ಮಾತ್ರ ಎಲ್ಲಿಯೂ ಬರೆಯಬೇಡಿ.