ಐದು ಅಂಕದ ಲೇಖನ: ಮಾರ್ಕ್ಸ್ ಎಲ್ಲಿ ಸಿಗುತ್ತೆ, ಎಲ್ಲಿ ಹೋಗುತ್ತೆ?

ಮೊನ್ನೆ ನಮ್ಮ ಕ್ಲಬ್ಬಿನ ಗೆಳತಿಗೆ ಅವಳ ತಮ್ಮ ಫೋನ್ ಮಾಡಿದ್ದ. ಅವನು ಸಿಬಿಎಸ್‌ಇ ಹನ್ನೆರಡನೇ ಕ್ಲಾಸು. "ಅಕ್ಕಾ, ನನ್ನ ಗ್ರಾಮರ್ ಸರಿ ಇಲ್ಲ, ಇಂಗ್ಲಿಷ್ ಪೇಪರಲ್ಲಿ ಆರ್ಟಿಕಲ್ ಬಿಟ್ಟುಬಿಡ್ತೀನಿ" ಅಂದನಂತೆ. ಎರಡು ವರ್ಷದ ಹಿಂದೆ ನಾವೂ ಅದೇ ಭಯದಲ್ಲಿದ್ದವರೇ. ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲೂ ತಮ್ಮನೋ ತಂಗಿಯೋ ಇದ್ದರೆ ಓದಿ ಹೇಳಿ.

ಇಂಗ್ಲಿಷ್ ಕೋರ್ ಲಿಖಿತ ಪರೀಕ್ಷೆ 80 ಅಂಕದ್ದು. ಅದರಲ್ಲಿ ಲೇಖನಕ್ಕೆ 5 ಅಂಕ, ಮಿತಿ 120ರಿಂದ 150 ಪದ. ಆ 5 ಅಂಕ ಹೀಗೆ ಹಂಚಿಕೆಯಾಗುತ್ತದೆ: ಫಾರ್ಮ್ಯಾಟಿಗೆ 1, ವಿಚಾರಗಳ ಜೋಡಣೆಗೆ 1, ವಿಷಯಕ್ಕೆ 2, ಕಾಗುಣಿತ ಮತ್ತು ವ್ಯಾಕರಣಕ್ಕೆ 1.

"ಹಾಸ್ಟೆಲಿನಲ್ಲಿ ನೀರು ಉಳಿಸುವುದು" ಅನ್ನೋ ಪ್ರಶ್ನೆ ಬಂತು ಅಂದುಕೊಳ್ಳಿ.

ಫಾರ್ಮ್ಯಾಟ್ ಅಂದರೆ ಶೀರ್ಷಿಕೆ ಮತ್ತು ಅದರ ಕೆಳಗೆ ಬರೆದವರ ಹೆಸರು. ಪ್ರಶ್ನೆಯಲ್ಲಿ ಕೊಟ್ಟ ಹೆಸರನ್ನೇ ಹಾಕಬೇಕು, ನಮ್ಮ ಸ್ವಂತ ಹೆಸರಲ್ಲ. ಇದಕ್ಕೆ ಅರ್ಧ ನಿಮಿಷ ಸಾಕು.

ಜೋಡಣೆ ಅಂದರೆ ಪ್ಯಾರಾಗಳ ಕ್ರಮ. ಮೊದಲು ಸಮಸ್ಯೆ, ಆಮೇಲೆ ಕಾರಣ, ಕೊನೆಗೆ ಪರಿಹಾರ. ಸೋರುವ ನಲ್ಲಿಯ ಮಾತು ಮೂರು ಕಡೆ ಬಂದರೆ ಕ್ರಮ ಕೆಟ್ಟಂತೆ.

ವಿಷಯಕ್ಕೇ ಜಾಸ್ತಿ ಅಂಕ. ಪ್ರಶ್ನೆಯಲ್ಲಿ ಸುಳಿವುಗಳನ್ನು ಕೊಟ್ಟಿದ್ದರೆ ಒಂದನ್ನೂ ಬಿಡಬಾರದು. "ನೀರು ಜೀವಜಲ" ಅಂತ ನಾಲ್ಕು ಸಾಲು ಎಳೆಯುವ ಬದಲು "ರಾತ್ರಿಯಿಡೀ ಟ್ಯಾಂಕ್ ತುಂಬಿ ಹರಿಯುತ್ತೆ, ಮೋಟಾರ್ ಆಫ್ ಮಾಡೋರಿಲ್ಲ" ಅಂತ ಒಂದು ಸಾಲು ಬರೆದರೆ ವಿಷಯ ಬಂದಂತೆ.

ಉಳಿದದ್ದು ವ್ಯಾಕರಣ. ಅದಕ್ಕೆ ಇರೋದು ಒಂದೇ ಅಂಕ! ಹಾಗಂತ ಹೇಗೆ ಬೇಕಾದರೂ ಬರೆಯಬಹುದು ಅಂತಲ್ಲ. ವಾಕ್ಯ ಅರ್ಥವೇ ಆಗದಿದ್ದರೆ ವಿಷಯದ ಅಂಕವೂ ಅದರ ಜೊತೆ ಹೋಗುತ್ತೆ. ಅದಕ್ಕೇ ಚಿಕ್ಕ ವಾಕ್ಯ ಬರೆಯಿರಿ, ಕೊನೆಗೆ ಎರಡು ನಿಮಿಷ ಉಳಿಸಿಕೊಂಡು ಒಮ್ಮೆ ಓದಿ ನೋಡಿ.

ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಪರೀಕ್ಷೆಯಲ್ಲೂ ಲೇಖನ ಬರೆಯುವ ಆಯ್ಕೆ ಇದೆ, 140ರಿಂದ 190 ಪದ. ಅಲ್ಲಿ ವಿಷಯ, ಓದುಗರಿಗೆ ತಕ್ಕ ಧಾಟಿ, ಜೋಡಣೆ, ಭಾಷೆ ಅಂತ ನಾಲ್ಕು ಭಾಗ, ತಲಾ 5 ಅಂಕ. ಅಲ್ಲೂ ಭಾಷೆ ನಾಲ್ಕರಲ್ಲಿ ಒಂದು ಮಾತ್ರ.

ಲೆಕ್ಕ ಸುಲಭ. ತಪ್ಪುತಪ್ಪಾಗಿ ಬರೆದವನು ಒಂದು ಅಂಕ ಕಳೆದುಕೊಳ್ಳಬಹುದು, ಬರೆಯದೇ ಬಿಟ್ಟವನು ಐದೂ ಕಳೆದುಕೊಳ್ಳುತ್ತಾನೆ.

ಇದನ್ನು ಅವನಿಗೆ ಹೇಳುವಾಗ ನಮಗೇ ನಾಚಿಕೆಯಾಯ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು, ಅಲ್ಪಪ್ರಾಣ ಮಹಾಪ್ರಾಣ ತಪ್ಪುತ್ತೆ ಅಂತ ಹೆದರಿ, ಫಸ್ಟ್ ಇಯರ್ ಪೂರ್ತಿ ಈ ಪತ್ರಿಕೆಗೆ ಒಂದಕ್ಷರ ಬರೆದಿರಲಿಲ್ಲ. ಈಗ ಬರೆದಿದ್ದೇವೆ. ತಪ್ಪಿದ್ದರೆ ನಮ್ಮ ಒಂದು ಅಂಕ ಕಳೆಯಿರಿ.